ಕೊನೆಯ ಮನೆಯ ಮಂಗಳವಾರ

"ಅರ್ಧ ಸೆಕೆಂಡು ತಾನೇ ಮಾಲಮ್ಮ, ಅಷ್ಟಕ್ಕೇ ಊರು ಮುಳುಗಿಹೋಗುತ್ತಾ?" ಇಪ್ಪತ್ತೆರಡು ವರ್ಷದಿಂದ ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿಹೋಗಿದೆ. ಕೇಳುವವರು ಕೆಟ್ಟವರೇನಲ್ಲ. ಹೂವಿನ ಯಶೋದಮ್ಮನಿಗೆ ಬೆಳಿಗ್ಗೆ ಏಳುವಷ್ಟರಲ್ಲಿ ಬುಟ್ಟಿಯ ಮೇಲೆ ನೀರು ಚಿಮುಕಿಸಿರಬೇಕು. ಹೆಡ್‌ಮಾಸ್ತರಿಗೆ ಶಾಲೆಯ ಗಂಟೆ ಸರಿಯಾಗಿದೆಯೋ ಇಲ್ಲವೋ ಅಂತ ಮೂರು ಸಲ ನೋಡಿರಬೇಕು. ಚೇರ್ಮನ್ನರಿಗೆ ತಮ್ಮ ಹೆಸರು ಕೆತ್ತಿಸಿದ ಕಮಾನಿನ ಬಣ್ಣ ಮಾಸಿರಬಾರದು. ಎಲ್ಲರದೂ ಒಂದೊಂದು ಸಾಲು, ಒಂದೊಂದು ಸಾಲಿಗೂ ಅರ್ಧ ಸೆಕೆಂಡು. ಆಗಲ್ಲ ಅಂದರೆ ನಾನು ಜಿಪುಣಿ. ಹೌದು, ಜಿಪುಣಿಯೇ. ಆ ಹೆಸರು ನನಗೆ ಒಳಗೊಳಗೇ ಇಷ್ಟವೂ ಆಗಿತ್ತು, ಈಗ ಮುಚ್ಚಿಡುವುದೇನು.

ನಮ್ಮ ಊರನ್ನು ದಿನಾ ಬೆಳಿಗ್ಗೆ ಹೊಸದಾಗಿ ಕಟ್ಟಬೇಕು. ಅದನ್ನು ಕಟ್ಟುವ ಯಂತ್ರ ನಮ್ಮ ಕಚೇರಿಯಲ್ಲಿದೆ. ಯಾವುದರ ಹಿಂದೆ ಯಾವುದು ಏಳಬೇಕು ಅಂತ ಯಂತ್ರ ಓದಿಕೊಳ್ಳುವುದಕ್ಕೆ ಒಂದು ಬಿಲ್ಡ್ ಸ್ಕ್ರಿಪ್ಟ್ ಇದೆ. ಊರವರ ಬಾಯಲ್ಲಿ ಅದು ಬರೀ ಪಟ್ಟಿ. ಎರಡು ಸಾವಿರದ ಮುನ್ನೂರು ಸಾಲು. ಮೊದಲ ಸಾಲು ಕಚೇರಿಯದು ಮತ್ತು ನನ್ನದು. ಆಮೇಲೆ ಮೊದಲ ಬೀದಿಯ ಮೊದಲ ಮನೆಯಿಂದ ಶುರುವಾಗಿ ಗೋಡೆ, ಬಾಗಿಲು, ನಲ್ಲಿ, ನಲ್ಲಿಯೊಳಗಿನ ನೀರು, ಒಳಗೆ ಮಲಗಿದ ಜನ, ಹೀಗೆ ಒಂದೊಂದಾಗಿ ಬರುತ್ತಾ ಹತ್ತೊಂಬತ್ತನೇ ಬೀದಿಯ ಕೊನೆಯ ಮನೆಗೆ ಮುಗಿಯುತ್ತದೆ. ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಬಿಸಿಲು ಬಿತ್ತೋ, ಯಂತ್ರ ನಿಂತುಬಿಡುತ್ತದೆ. ಬೇಸಿಗೆಯಾಗಲಿ ಚಳಿಯಾಗಲಿ ಸಿಗುವುದು ಹನ್ನೊಂದು ನಿಮಿಷ. ಅಷ್ಟರೊಳಗೆ ಬಾರದೆ ಉಳಿದದ್ದು ಆ ದಿನಕ್ಕೆ ಇಲ್ಲ.

ಬೇರೆ ದಿನಗಳಲ್ಲಿ ಹನ್ನೊಂದು ನಿಮಿಷ ಸಾಕಾಗುತ್ತಿತ್ತು. ಮಂಗಳವಾರ ಸಂತೆ. ಸಂತೆಯ ಅಂಗಡಿಗಳಿಗೆ, ತಕ್ಕಡಿಗಳಿಗೆ, ಎತ್ತು ಕಟ್ಟುವ ಗೂಟಗಳಿಗೆ ಇನ್ನೊಂದಷ್ಟು ಸಾಲು. ಹಾಗಾಗಿ ಮಂಗಳವಾರ ಬಂತೆಂದರೆ ಒಂಬತ್ತು ಸೆಕೆಂಡು ಕಡಿಮೆ ಬೀಳುತ್ತಿತ್ತು. ಆ ಒಂಬತ್ತು ಸೆಕೆಂಡಿಗೆ ಬಲಿಯಾಗುತ್ತಿದ್ದದ್ದು ಒಂದೇ ಮನೆ, ಕೊನೆಯದು. ಅದು ದೋಸೆ ಹಿಟ್ಟು ರುಬ್ಬಿ ಮಾರುವ ಜಯಶೀಲಮ್ಮನದು. ಗಂಡ ತೀರಿಹೋಗಿದ್ದಾರೆ, ಮಕ್ಕಳಿಲ್ಲ, ಒಂಟಿ ಹೆಂಗಸು. ಅವರು ಸೋಮವಾರ ಕಣ್ಣು ಮುಚ್ಚಿದರೆ ಬುಧವಾರ ಕಣ್ಣು ಬಿಡುತ್ತಿದ್ದರು. ಸೋಮವಾರ ಸಂಜೆ ರುಬ್ಬಿದ ಹಿಟ್ಟು ಬುಧವಾರ ಬೆಳಿಗ್ಗೆ ಅಷ್ಟೇ ಹದವಾಗಿರುತ್ತಿತ್ತು. ಹದಿನಾಲ್ಕು ವರ್ಷದಿಂದ ಆಕೆ ಒಂದು ಮಂಗಳವಾರವನ್ನೂ ಕಂಡಿರಲಿಲ್ಲ.

ಶುರುವಿನಲ್ಲಿ ಒಂದೆರಡು ಸಲ ಕಚೇರಿಗೆ ಬಂದು ದೂರು ಕೊಟ್ಟಿದ್ದರು. ಆಗ ನಮ್ಮ ಮೇಲಧಿಕಾರಿ ಪರಶಿವಯ್ಯನವರು, "ಒಂದೇ ಮನೆ ಕಣಮ್ಮ, ಅದೂ ವಾರಕ್ಕೊಂದೇ ದಿನ" ಅಂದು ಅರ್ಜಿ ಇಸಿದುಕೊಂಡು ಕಳಿಸಿದ್ದರು. ಮನೆಯನ್ನೇ ಪಟ್ಟಿಯಲ್ಲಿ ಮೇಲಕ್ಕೆ ಹಾಕಿ ಅನ್ನುವ ಹಾಗಿಲ್ಲ. ಒಂದು ಮನೆಯ ಗೋಡೆಗೆ ಆತುಕೊಂಡೇ ಮುಂದಿನ ಮನೆ ಏಳಬೇಕು. ಆಮೇಲೆ ಆಕೆ ಬರುವುದನ್ನೇ ಬಿಟ್ಟರು. ನಾನೂ ಮರೆತೆ. ಮರೆತೆ ಅಂದರೆ, ಬುಧವಾರ ಅವರ ಹತ್ತಿರ ಹಿಟ್ಟು ತಗೊಳ್ಳುವಾಗ ಮಾತ್ರ ಒಂದು ಗಳಿಗೆ ಮುಖ ತಗ್ಗಿಸುತ್ತಿದ್ದೆ.

ಆವತ್ತು ಶುಕ್ರವಾರ ಬೆಳಿಗ್ಗೆ ಅವರು ಕಚೇರಿಯ ಬಾಗಿಲಲ್ಲಿ ನಿಂತಾಗ ನನಗೆ ಒಂದು ಕ್ಷಣ ಯಾಕಿರಬಹುದು ಅಂತ ಹೊಳೆಯಲೇ ಇಲ್ಲ.

"ಮಾಲಮ್ಮ, ನಂಗೊಂದು ಮಂಗಳವಾರ ಬೇಕು" ಅಂದರು.

ಕೂರಿಸಿದೆ. ನೀರು ಕೊಟ್ಟೆ. ಕುಡಿಯಲಿಲ್ಲ. "ಸುಶೀಲಂಗೆ ಹುಷಾರಿಲ್ಲ. ಅವಳು ಬುಧವಾರ ನೋಡೋದು ಅನುಮಾನ ಅಂತ ಡಾಕ್ಟ್ರು ಅಂದ್ರು. ಉಳಿದೆಲ್ಲಾ ದಿನ ನಾನೇ ಇರ್ತೀನಿ. ಮಂಗಳವಾರ ಹೋಗ್ಬಿಟ್ರೆ?"

ಸುಶೀಲಮ್ಮ ಮೊದಲ ಬೀದಿಗೆ ಸೊಸೆಯಾಗಿ ಬಂದವರು. ಇಬ್ಬರೂ ಅವಳಿಜವಳಿ. ಕಾಲು ಗಂಟೆ ಮೊದಲು ಹುಟ್ಟಿದ್ದಕ್ಕೆ ಜಯಶೀಲಮ್ಮ ಅಕ್ಕ. ಆದರೆ ಹದಿನಾಲ್ಕು ವರ್ಷದ ಮಂಗಳವಾರಗಳು ಕೈತಪ್ಪಿ ಈಗ ತಂಗಿಗೆ ಅರವತ್ತೊಂದು, ಅಕ್ಕನಿಗೆ ಐವತ್ತೊಂಬತ್ತು. "ಇನ್ಮೇಲೆ ನೀನೇ ನನ್ನನ್ನ ಅಕ್ಕ ಅನ್ಬೇಕು ಕಣೇ" ಅಂತ ಸುಶೀಲಮ್ಮ ನಡುಬೀದಿಯಲ್ಲಿ ರೇಗಿಸುತ್ತಿದ್ದದ್ದನ್ನು ನಾನೇ ಕೇಳಿದ್ದೇನೆ. ಊರೆಲ್ಲ ನಗುತ್ತಿತ್ತು, ನಾನೂ ನಕ್ಕಿದ್ದೆ.

"ಸೋಮವಾರ ಅಲ್ಲೇ ಮಲಗಿದ್ರೂ ಪ್ರಯೋಜನ ಇಲ್ಲ, ಗೊತ್ತಲ್ಲ?" ಅಂದೆ. ನಮ್ಮಲ್ಲಿ ಎಲ್ಲಿ ಮಲಗಿದರೂ ಏಳುವುದು ಹೆಸರು ಬರೆದ ಮನೆಯಲ್ಲೇ. ಒಂದು ಮನೆಯಿಂದ ಇನ್ನೊಂದಕ್ಕೆ ಹೆಸರು ಸರಿಯುವುದು ಮದುವೆಯಲ್ಲಿ ಮಾತ್ರ.

"ಗೊತ್ತು. ಈ ವಯಸ್ನಲ್ಲಿ ಮೊದಲ ಬೀದೀಲಿ ಗಂಡು ಹುಡುಕ್ಲಾ?" ಅಂದು ನಗಲು ಹೋದರು. ನಗು ಅರ್ಧಕ್ಕೇ ಒಡೆದು ಅಳುವಾಯಿತು. ಸೆರಗಿನಿಂದ ಮುಖ ಒತ್ತಿಕೊಂಡು, "ಹೊಟ್ಟೇಲೂ ಜೊತೇಲೇ ಇದ್ದೋಳು. ಹೋಗುವಾಗ ಒಬ್ಬಳನ್ನೇ ಕಳಿಸ್ಲಾ?" ಅಂದರು.

ಪರಶಿವಯ್ಯನವರ ಹತ್ತಿರ ಹೋದೆ. ಒಂದು ಮಂಗಳವಾರದ ಮಟ್ಟಿಗೆ ಸಂತೆಯ ನಾಲ್ಕು ಅಂಗಡಿ ಬಿಡೋಣ ಅಂದೆ. "ಹನ್ನೆರಡು ಹಳ್ಳಿಯಿಂದ ಜನ ಬಂದು ಕೂರೋಕೆ ಜಾಗ ಇಲ್ಲ ಅಂದ್ರೆ ನನ್ನ ಮುಖಕ್ಕೆ ಉಗೀತಾರೆ. ನೀವೇ ಎಲ್ಲಾದ್ರೂ ಉಳಿಸ್ಕೊಳ್ಳಿ ವನಮಾಲ, ಅದರಲ್ಲಿ ನೀವು ನಿಸ್ಸೀಮರು" ಅಂದರು. ಹೊಗಳಿದರು ಅಂತ ಸೆಟೆದುಕೊಂಡೇ ಹೊರಗೆ ಬಂದೆ.

ನನ್ನ ಹತ್ತಿರ ಆಯುಧವೂ ಇತ್ತು. ಪ್ರತಿ ಸಾಲಿಗೆ ಎಷ್ಟು ಹೊತ್ತು ಹಿಡಿಯಿತು ಅಂತ ಹದಿನಾಲ್ಕು ವರ್ಷದಿಂದ ದಿನವೂ ಬರೆದಿಟ್ಟ ದಫ್ತರಗಳು, ವರ್ಷಕ್ಕೊಂದರಂತೆ ಹದಿನಾಲ್ಕು. ಹಿಂದೆ ಸಂತೆ ದೊಡ್ಡದಾದಾಗ, ಹೊತ್ತು ಮೀರಿ ಯಾರಿಗೂ ತೊಂದರೆಯಾಗಬಾರದು ಅಂತ ನಾನೇ ಮಾಡಿದ ಏರ್ಪಾಡು. ಯಂತ್ರ ಒಂದು ಸಾಲು ಓದುವ ಮುಂಚೆ ಗಡಿಯಾರ ನೋಡುತ್ತದೆ, ಓದಿದ ಮೇಲೆ ಇನ್ನೊಮ್ಮೆ ನೋಡುತ್ತದೆ, ವ್ಯತ್ಯಾಸವನ್ನು ಬರೆದಿಡುತ್ತದೆ. ಯಾರ ಸಾಲು ಸೋಮಾರಿ, ಯಾರದು ಚುರುಕು, ಎಲ್ಲ ನನ್ನ ಬೆರಳ ತುದಿಯಲ್ಲಿ.

ಶುಕ್ರವಾರ ಮಧ್ಯಾಹ್ನವೇ ಒಂದು ದಡ್ಡತನ ಸಿಕ್ಕಿತು. ಯಂತ್ರ ಪ್ರತಿ ಬೀದಿಯ ಮೊದಲಲ್ಲೂ "ಇವತ್ತು ಯಾವ ವಾರ?" ಅಂತ ಹೊರಗೆ ಇನ್ನೊಂದು ಯಂತ್ರವನ್ನು ಎಬ್ಬಿಸಿ ಕೇಳುತ್ತಿತ್ತು. ಹತ್ತೊಂಬತ್ತು ಬೀದಿ, ಹತ್ತೊಂಬತ್ತು ಸಲ ಅದೇ ಪ್ರಶ್ನೆ, ಅದೇ ಉತ್ತರ. ಮೂರನೇ ಬೀದಿಯಲ್ಲಿ ಮಂಗಳವಾರವಾದದ್ದು ನಾಲ್ಕನೇ ಬೀದಿಯಲ್ಲಿ ಗುರುವಾರ ಆಗುತ್ತದೆಯೇ? ಒಂದು ಸಲ ಕೇಳಿ ನೆನಪಿಟ್ಟುಕೋ ಅಂತ ತಿದ್ದಿದೆ. ಹತ್ತತ್ತಿರ ಒಂದೂವರೆ ಸೆಕೆಂಡು ಉಳಿಯಿತು. ಆಹಾ, ಅಂದುಕೊಂಡೆ.

ಮಿಕ್ಕಿದ್ದಕ್ಕೆ ಮನೆಮನೆ ತಿರುಗಬೇಕಾಯಿತು. ಯಶೋದಮ್ಮ ವಿಷಯ ಕೇಳಿದ ಕೂಡಲೇ, "ಅಯ್ಯೋ ಬಿಡಿ ತಾಯಿ, ಒಂದಿನ ನಾನೇ ನೀರು ಚಿಮುಕಿಸ್ಕೋತೀನಿ, ಕೈಗೇನು ಲಕ್ವ ಹೊಡೆದಿಲ್ಲ" ಅಂದು ತನ್ನ ಅರ್ಧ ಸೆಕೆಂಡು ಕೊಟ್ಟಳು. ಹೆಡ್‌ಮಾಸ್ತರು ಮೂರು ಸಲ ಗಂಟೆ ನೋಡುವುದನ್ನು ಎರಡಕ್ಕೆ ಇಳಿಸಲು ಒಂದು ಗಂಟೆ ಚರ್ಚೆ ಮಾಡಿದರು. ಒಂದಕ್ಕೆ ಇಳಿಯಲೇ ಇಲ್ಲ. ಕಮಾನಿನ ಮಾತೆತ್ತಿದ್ದಕ್ಕೆ ಚೇರ್ಮನ್ನರು, "ಅದು ನನ್ನ ಕಮಾನಲ್ಲ, ಊರಿನ ಗೌರವ" ಅಂದು ಕಾಫಿ ಕುಡಿಸಿ ಕಳಿಸಿದರು. ಭಾನುವಾರ ಸಂಜೆಯವರೆಗೆ ಅಲೆದರೂ ಒಟ್ಟು ಐದೂಕಾಲು ಸೆಕೆಂಡು. ಇನ್ನೂ ಹತ್ತಿರ ಹತ್ತಿರ ನಾಲ್ಕು ಬೇಕು. ಕಾಲು ಊದಿಕೊಂಡಿದ್ದವು. ಸುಶೀಲಮ್ಮನ ಮನೆಯ ಮುಂದೆ ಹಾದು ಬರುವಾಗ ಕಿಟಕಿಯಲ್ಲಿ ಅಕ್ಕ ತಂಗಿಯ ಬಾಯಿಗೆ ಚಮಚದಲ್ಲಿ ಗಂಜಿ ಹಾಕುತ್ತಿದ್ದದ್ದು ಕಂಡಿತು. ನಾನು ಬೇರೆ ಕಡೆ ಮುಖ ತಿರುಗಿಸಿಕೊಂಡು ನಡೆದೆ.

ಸೋಮವಾರ ಬೆಳಿಗ್ಗೆ ಚಲುವರಾಜನ ಕಟಿಂಗ್ ಅಂಗಡಿಗೆ ಹೋದೆ. ಅವನ ಸಾಲು ಕನ್ನಡಿಯದು. ಕನ್ನಡಿ ನೆಟ್ಟಗೆ ನೇತಾಡುತ್ತಿದೆಯೇ ಅಂತ ನೋಡಿ, ಓರೆಯಾಗಿದ್ದರೆ ಸರಿ ಮಾಡುವುದು, ಮುಕ್ಕಾಲು ಸೆಕೆಂಡು. ಅವನು ಒಬ್ಬ ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತಾ ಎಲ್ಲ ಕೇಳಿಸಿಕೊಂಡ.

"ತಗೊಳ್ಳಿ. ಕನ್ನಡಿ ಓರೆಯಾದ್ರೆ ಗಿರಾಕಿ ಕತ್ತು ಓರೆ ಮಾಡ್ಕೊಂಡು ಕೂರ್ತಾನೆ" ಅಂದ. ಕುರ್ಚಿಯಲ್ಲಿದ್ದವನು ನಕ್ಕ. "ಅದ್ಸರಿ ಮಾಲಮ್ಮ, ಎಲ್ಲರ ಹತ್ರಾನೂ ಕಿತ್ಕೋತಿದ್ದೀರಲ್ಲ, ನಿಮ್ದೆಷ್ಟು?"

"ನನ್ನದೆಲ್ಲಿ ಬಂತು? ನಾನು ಏಳುವ ಆ ಮೊದಲ ಸಾಲು ಬಿಟ್ಟರೆ ನನಗೆ ಅಂತ ಇನ್ನೊಂದು ಸಾಲೂ ಹಾಕಿಕೊಂಡಿಲ್ಲ" ಅಂದೆ. ಹೆಮ್ಮೆಯಿಂದಲೇ ಅಂದೆ.

"ಮತ್ತೆ ಆ ಗಡಿಯಾರ ನೋಡೋದು? ಪ್ರತಿ ಸಾಲಿಗೂ ಹಿಂದೊಂದ್ಸಲ ಮುಂದೊಂದ್ಸಲ ನೋಡ್ತೀವಿ ಅಂತ ನೀವೇ ಹೇಳ್ತಿದ್ರಲ್ಲ?"

"ಅದಕ್ಕೆಲ್ಲ ಹೊತ್ತು ಹಿಡಿಯಲ್ಲ ಕಣಪ್ಪ."

"ಹಂಗಾ? ನಾನು ಒಂದೊಂದ್ಸಲ ಕತ್ತರಿ ಆಡಿಸಿದ್ಮೇಲೂ ಗಡಿಯಾರ ನೋಡ್ಕೊಂಡು ಬರ್ತಿದ್ರೆ ಸಂಜೆಯೊಳಗೆ ಎರಡು ತಲೆ ಮುಗಿಯಲ್ಲ." ಅಷ್ಟು ಹೇಳಿ ಅವನು ಕತ್ತಿ ಮಸೆಯಲು ತಿರುಗಿದ. ಅವನಿಗೆ ಅದು ಬರೀ ತಮಾಷೆ.

ನನಗೆ ಹಾಗನ್ನಿಸಲಿಲ್ಲ. ಕಚೇರಿಗೆ ಓಡಿದೆ ಅಂತಲೇ ಹೇಳಬೇಕು. ಮೊದಲ ವರ್ಷದ ದಫ್ತರ ತೆಗೆದು ಮೊದಲ ಪುಟ ನೋಡಿದೆ. "ಗಡಿಯಾರ ನೋಡಲು ತಗಲುವ ಹೊತ್ತು: ಗಣನೆಗಿಲ್ಲ." ನನ್ನದೇ ದುಂಡು ಅಕ್ಷರ, ಕೆಳಗೆ ನನ್ನದೇ ಸಹಿ. ಹೇಗೆ ತೀರ್ಮಾನಿಸಿದೆ ಅನ್ನುವುದೂ ನೆನಪಾಯಿತು. ಒಂದು ಸಲ ನೋಡಿಸಿ ಅಳೆದಿದ್ದೆ. ನಮ್ಮ ಗಡಿಯಾರ ಸೆಕೆಂಡಿನ ನೂರನೇ ಒಂದು ಪಾಲಿಗಿಂತ ಚಿಕ್ಕದನ್ನು ತೋರಿಸುವುದಿಲ್ಲ. ಸೊನ್ನೆ ತೋರಿಸಿತು, ಸೊನ್ನೆ ಅಂತ ಬರೆದೆ.

ಈಗ ಯಂತ್ರಕ್ಕೆ ಒಂದರ ಹಿಂದೊಂದು ಸಾವಿರ ಸಲ ಗಡಿಯಾರ ನೋಡು ಅಂದೆ. ನೋಡಿತು. ಎರಡೂವರೆ ಸೆಕೆಂಡು ಹಿಡಿಯಿತು. ಎರಡು ಸಾವಿರದ ಮುನ್ನೂರು ಸಾಲು, ಸಾಲಿಗೆ ಎರಡು ಸಲದಂತೆ ನಾಲ್ಕು ಸಾವಿರದ ಆರುನೂರು ಸಲ. ಹನ್ನೊಂದೂವರೆ ಸೆಕೆಂಡು. ನಾನು ಕೈಯಲ್ಲೇ ಮೂರು ಸಲ ಗುಣಿಸಿದೆ, ಎಲ್ಲಾದರೂ ತಪ್ಪಿರಲಿ ದೇವರೇ ಅಂತ. ತಪ್ಪಿರಲಿಲ್ಲ. ದಫ್ತರ ಶುರು ಮಾಡಿದ್ದು ಒಂದು ಶನಿವಾರ. ಜಯಶೀಲಮ್ಮನ ಮೊದಲ ಮಂಗಳವಾರ ತಪ್ಪಿದ್ದು ಅದಾದ ಮೂರೇ ದಿನಕ್ಕೆ. ಆವತ್ತು ದಫ್ತರದಲ್ಲಿ ನಾನೇ ಬರೆದಿದ್ದೆ: "ಕಾರಣ, ಸಂತೆಯ ಹೆಚ್ಚಳ."

ಯಾರಿಗೂ ತೊಂದರೆಯಾಗಬಾರದು ಅಂತ ಹೊತ್ತು ಅಳೆದೆ. ಅಳೆದದ್ದೇ ತೊಂದರೆ. ಊರವರ ಅರ್ಧ ಸೆಕೆಂಡುಗಳ ಮೇಲೆ ಹದಿನಾಲ್ಕು ವರ್ಷ ಹರಿಹಾಯ್ದೆ. ಯಶೋದಮ್ಮನ ನೀರಿಗೆ, ಚಲುವರಾಜನ ಕನ್ನಡಿಗೆ ಲೆಕ್ಕ ಕೇಳಿದೆ. ಒಬ್ಬ ಹೆಂಗಸಿನ ಎರಡು ವರ್ಷ ನುಂಗಿ ಕೂತವಳು ನಾನು. ಮೇಜಿನ ಮೇಲೆ ತಲೆಯಿಟ್ಟುಕೊಂಡು ಅತ್ತೆ. ನಾಚಿಕೆಗೆ ಅತ್ತೆನೋ, ಹೆದರಿಕೆಗೋ, ಇವತ್ತಿಗೂ ಬಿಡಿಸಿ ಹೇಳಲಾರೆ.

ಪರಶಿವಯ್ಯನವರಿಗೆ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಅಳತೆ ತೆಗೆದುಬಿಟ್ರೆ ಸಭೆಗೆ ನಾನು ಏನು ವರದಿ ಕೊಡ್ಲಿ?"

"ಊರು ಕಟ್ಟಿ ಆಯ್ತು ಅಂತ ಕೊಡಿ ಸಾರ್."

"ಸರಿ, ತೆಗೀರಿ. ಆದ್ರೆ ಕಾರಣ ಇದು ಅಂತ ಹೊರಗೆ ಬಾಯಿ ಬಿಡ್ಬೇಡಿ. ಸಂತೆಯಿಂದ ಅಂತ ಇಷ್ಟು ವರ್ಷ ಹೇಳಿದ್ದೀವಿ, ಅದೇ ಇರ್ಲಿ. ಸುಮ್ನೆ ಯಾಕೆ ಮೈಮೇಲೆ ಎಳ್ಕೋತೀರಿ?"

ನನ್ನ ಮೇಜಿಗೆ ಮರಳಿದೆ. ಕೂತು ನಾಲ್ಕು ಸಾವಿರದ ಆರುನೂರು ಕಡೆಯಿಂದಲೂ ಗಡಿಯಾರವನ್ನು ಕಿತ್ತೆ. ಜನ ಬಿಟ್ಟುಕೊಟ್ಟಿದ್ದ ಸೆಕೆಂಡುಗಳನ್ನೂ ಆ ಒಂದು ದಿನಕ್ಕೆ ಹಾಗೇ ಇಟ್ಟುಕೊಂಡೆ, ನನ್ನ ಲೆಕ್ಕದ ಮೇಲೆ ನನಗೇ ನಂಬಿಕೆ ಹೋಗಿತ್ತು. ಮುಗಿಸುವಾಗ ಸಂಜೆ ಐದು ಗಂಟೆ. ನಾಳೆ ಯಂತ್ರ ಎಲ್ಲಿಯವರೆಗೆ ಬಂತು, ಎಷ್ಟು ಉಳಿಯಿತು, ನನಗೆ ಏನೂ ಗೊತ್ತಾಗುವುದಿಲ್ಲ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಕಣ್ಣು ಕಟ್ಟಿಕೊಂಡು ಊರು ಕಟ್ಟಬೇಕಿತ್ತು.

ಮಂಗಳವಾರ ಯಂತ್ರ ಶುರುವಾದೊಡನೆ ಕಚೇರಿಯ ತಾರಸಿ ಹತ್ತಿದೆ. ಬೀದಿಗಳು ಒಂದೊಂದಾಗಿ ಎದ್ದು ಬಂದವು. ಹದಿನೇಳನೇ ಬೀದಿ ಬರುವಷ್ಟರಲ್ಲಿ ಟ್ಯಾಂಕಿನ ಹಿಂದೆ ಆಕಾಶ ಕೆಂಪಾಗಿತ್ತು. ಹದಿನೆಂಟು. ಸಂತೆಯ ಗೂಟಗಳು, ತಕ್ಕಡಿಗಳು. ಹತ್ತೊಂಬತ್ತನೆಯದರ ಮನೆಗಳು ಇಳಿಜಾರಿನಲ್ಲಿ ಒಂದಕ್ಕೊಂದು ಆತುಕೊಂಡು ಬರುತ್ತಿದ್ದರೆ ನಾನು ತಾರಸಿಯ ಗೋಡೆ ಹಿಡಿದು, "ಬಾರೋ, ಬಾರೋ" ಅಂತ ಯಂತ್ರವನ್ನು ಕರುವನ್ನು ಕರೆದ ಹಾಗೆ ಕರೆಯುತ್ತಿದ್ದೆ. ಕೊನೆಯ ಮನೆಯ ಗೋಡೆ ಬಂತು. ಸೂರು ಬಂತು. ಬಾಗಿಲು ಬಂತು. ಬಿಸಿಲು ಇನ್ನೂ ಕಟ್ಟೆಯ ಮೇಲೆ ಬಿದ್ದಿರಲಿಲ್ಲ.

ಜಯಶೀಲಮ್ಮ ಬಾಗಿಲು ತೆರೆದು ಮೆಟ್ಟಿಲ ಮೇಲೆ ನಿಂತರು. ಸಂತೆಯ ಗದ್ದಲ ಕೇಳಿ, ಇದು ಮಂಗಳವಾರವೇ ಅಂತ ಗೊತ್ತಾದದ್ದೇ ತಡ, ತಲೆ ಬಾಚದೆ ನಡೆದರು. ಹದಿನಾಲ್ಕು ವರ್ಷ ಕಾಣದ ಸಂತೆ. ಬದನೆಕಾಯಿ ರಾಶಿ, ಬಳೆ ಅಂಗಡಿ, ಕೂಗಾಟ, ಯಾವುದಕ್ಕೂ ತಿರುಗಲಿಲ್ಲ. ನಡುವೆ ನುಗ್ಗಿಕೊಂಡು ಮೊದಲ ಬೀದಿಗೆ ಹೋದರು. ನಾನು ಹಿಂದೆ ಹೋಗಬಾರದಿತ್ತು. ಆದರೂ ಹೋದೆ, ಬಾಗಿಲ ಹೊರಗೆ ನಿಂತೆ.

"ಇವತ್ತು ಮಂಗಳವಾರ ಅಲ್ವೇನೇ?" ಒಳಗಿನಿಂದ ಸುಶೀಲಮ್ಮನ ದನಿ, ತೀರಾ ಸಣ್ಣಗೆ. "ನೀನು ಹೆಂಗೆ ಬಂದೆ? ದೆವ್ವಾನಾ?"

"ದೆವ್ವ ಅಲ್ಲ, ನಿನ್ನ ಅಕ್ಕ."

"ಅಕ್ಕನಂತೆ. ಎರಡು ವರ್ಷ ಚಿಕ್ಕೋಳು."

"ಬಾಯಿ ಮುಚ್ಕೊಂಡು ಗಂಜಿ ಕುಡಿ."

"ಬಾಯಿ ಮುಚ್ಕೊಂಡು ಹೆಂಗೆ ಕುಡೀಲಿ?" ಇಬ್ಬರೂ ನಕ್ಕರು. ಆಮೇಲೆ ನನಗೆ ಏನೂ ಕೇಳಿಸಲಿಲ್ಲ. ಮಧ್ಯಾಹ್ನ ಮೂರು ಗಂಟೆ ದಾಟಿದ ಮೇಲೆ, ಅಕ್ಕನ ತೊಡೆಯ ಮೇಲೆ ತಲೆಯಿಟ್ಟುಕೊಂಡೇ ಸುಶೀಲಮ್ಮ ಹೋದರು. ಸಂತೆಯವರು ಸುದ್ದಿ ಕೇಳಿ ಆ ಬೀದಿಯ ಕಡೆ ಕೂಗುವುದನ್ನು ನಿಲ್ಲಿಸಿದರು.

ಇಲ್ಲಿಗೇ ಬಿಟ್ಟಿದ್ದರೆ ನಾನು ಊರಿನ ಕಣ್ಣಿಗೆ ದೊಡ್ಡವಳಾಗಿ ಉಳಿಯುತ್ತಿದ್ದೆ. ಯಶೋದಮ್ಮ ಕೈ ಮುಗಿದಳು. ಚೇರ್ಮನ್ನರು ಕಮಾನಿನ ಕೆಳಗೆ ಒಂದು ಸನ್ಮಾನ ಇಟ್ಟುಕೊಳ್ಳೋಣ ಅಂದರು. ಎರಡು ದಿನ ನನಗೆ ಅನ್ನ ಸೇರಲಿಲ್ಲ. ಮೂರನೇ ದಿನ ಹಾಲುತುಪ್ಪ ಬಿಟ್ಟು ಎಲ್ಲರೂ ಮರಳಿದ ಮೇಲೆ ಕೊನೆಯ ಮನೆಗೆ ಹೋದೆ. ಜಯಶೀಲಮ್ಮ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಗಡಿಯಾರ, ಸಾವಿರ ಸಲ, ಹನ್ನೊಂದೂವರೆ ಸೆಕೆಂಡು, ಸಂತೆ ಅಂತ ಬರೆದ ಸುಳ್ಳು. "ನಿಮ್ಮ ಎರಡು ವರ್ಷ ತಿಂದವಳು ನಾನು" ಅಂದೆ.

ಬೈಯಲಿ, ಕಸಬರಿಕೆ ತಗೊಳ್ಳಲಿ ಅಂತ ನಾನು ಕಾಯುತ್ತಿದ್ದೆ.

"ತಿಂದಿಲ್ಲ ಮಾಲಮ್ಮ" ಅಂದರು. "ಹಂಗೇ ಉಳಿಸಿಟ್ಟಿದ್ದೀರಿ. ಸುಶೀಲಂಗೂ ನಂಗೂ ಒಂದೇ ಆಯಸ್ಸು ಅಂತ ನಮ್ಮಮ್ಮ ಹೇಳೋಳು. ಅವಳದ್ದು ಮುಗೀತು. ನಂದು ಇನ್ನೂ ಎರಡು ವರ್ಷ ಐತೆ, ನೀವು ಇಟ್ಟಿದ್ದು. ಅವಳಿಲ್ದೆ ಎರಡು ವರ್ಷ ನಾನೇನು ಮಾಡ್ಲಿ, ನೀವೇ ಹೇಳಿ."

ನಾನು ಅವರೆದುರು ನೆಲದ ಮೇಲೆ ಕೂತೆ.

"ಎರಡು ವರ್ಷಕ್ಕೆ ಎಷ್ಟು ಮಂಗಳವಾರ?" ಅಂತ ಅವರೇ ಕೇಳಿದರು.

"ನೂರ ನಾಲ್ಕು."

"ಅಷ್ಟೂ ಮಂಗಳವಾರ ನೀವಿಲ್ಲಿಗೆ ಬಂದು ನನ್ನ ಜೊತೆ ಕೂತ್ಕೋಬೇಕು. ಬೆಳಿಗ್ಗೆಯಿಂದ ಸಂಜೇವರೆಗೂ. ನಂಗೆ ಆ ದಿನ ಒಬ್ಬಳೇ ಹೆಂಗಿರ್ಬೇಕು ಅಂತ ಗೊತ್ತಿಲ್ಲ, ಅಭ್ಯಾಸ ತಪ್ಪಿಹೋಗಿದೆ."

ಪರಶಿವಯ್ಯನವರು ರಜೆ ಕೊಡಲು ಕೊಸರಾಡಿದರು. ಕೊಡಲಿಲ್ಲ ಅಂದರೆ ನಿಜವನ್ನು ಕಮಾನಿನ ಕೆಳಗೆ ನಿಂತು ಹೇಳುತ್ತೇನೆ ಅಂದೆ. ಕೊಟ್ಟರು. ಆದರೂ ಸನ್ಮಾನದ ದಿನ ಹೇಳಿಯೇಬಿಟ್ಟೆ, ಸನ್ಮಾನ ಅಲ್ಲಿಗೇ ನಿಂತಿತು. ಅಳತೆ ಈಗ ಇಲ್ಲ. ಬೆಳಿಗ್ಗೆ ಕೊನೆಯ ಮನೆಯ ಬಾಗಿಲು ತೆರೆದರೆ ಊರು ಕಟ್ಟಿ ಆಗಿದೆ ಅಂತ ಅರ್ಥ. ಅರ್ಧ ಸೆಕೆಂಡು ಕೇಳಿಕೊಂಡು ಬರುವವರನ್ನು ಈಗ ನಾನು ಬೈಯುವುದಿಲ್ಲ, ಜಯಶೀಲಮ್ಮನ ಮನೆಗೆ ಕಳಿಸುತ್ತೇನೆ. ಆಕೆ ಕೊಡಿ ಅಂದರೆ ಉಂಟು, ಇಲ್ಲ ಅಂದರೆ ಇಲ್ಲ. ಚಲುವರಾಜನ ಕನ್ನಡಿಗೆ ಕೊಡಿಸಿದರು. ಚೇರ್ಮನ್ನರು ಇನ್ನೂ ಹೋಗಿಲ್ಲ.

ಮೊನ್ನೆಗೆ ಮೂವತ್ತೇಳು ಮಂಗಳವಾರ ಆಯಿತು. ಉದ್ದಿನಬೇಳೆ ಆರಿಸುತ್ತಾ ಎದುರುಬದುರು ಕೂತಿರುತ್ತೇವೆ. ಅವರು ನನ್ನನ್ನು ಕ್ಷಮಿಸಿಲ್ಲ, ಹಾಗಂತ ಬಾಯಿಬಿಟ್ಟೇ ಹೇಳಿದ್ದಾರೆ. ಮೊನ್ನೆ ಸಂಜೆ ನಾನು ಏಳಲು ಹೋದಾಗ ಮಾತ್ರ, ಬೇಳೆಯ ಮೊರದಿಂದ ಕಣ್ಣೆತ್ತದೆ, "ಇನ್ನೊಂದು ಸ್ವಲ್ಪ ಹೊತ್ತು ಇರಿ" ಅಂದರು. ಇದ್ದೆ. ಎಷ್ಟು ಹೊತ್ತು ಅಂತ ನನಗೆ ಗೊತ್ತಿಲ್ಲ.